ಎರಡು ಸಲ ಹೇಳಿದ್ದು

ನಮ್ಮ ಕಾಲೇಜಿನ ಪ್ರಸಾರ ಸಂಘಕ್ಕೆ ಇದ್ದದ್ದು ಒಂದು ಆಂಪ್ಲಿಫಯರ್, ಒಂದು ಮೈಕು ಮತ್ತು ಕಾರಿಡಾರಿನ ಗೋಡೆಗೆ ಹೊಡೆದ ಕೆಲವು ಸ್ಪೀಕರುಗಳು. ರೇಡಿಯೋ ಎನ್ನುವಂಥದ್ದು ಏನೂ ಇರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗ್ರಂಥಾಲಯದ ಪಕ್ಕದ ಸಣ್ಣ ಕೋಣೆಯಲ್ಲಿ ಕುಳಿತು ನಾವು ಓದಿದ್ದು ಕಾರಿಡಾರಿಗೂ ಸೈಕಲ್ ಸ್ಟ್ಯಾಂಡಿಗೂ ಕೇಳುತ್ತಿತ್ತು. ಗಾಳಿ ಸರಿಯಾಗಿದ್ದರೆ ಗೇಟಿನ ಹೊರಗೆ ಶೇಂಗಾ ಮಾರುವವನಿಗೂ ಕೇಳುತ್ತಿತ್ತು. ಅಷ್ಟಕ್ಕೆ ಯಾರ ಪರವಾನಗಿಯೂ ಬೇಡ. ಆದರೆ ಸಂಘ ನಡೆಸುತ್ತಿದ್ದ ರಾಜ್ಯಶಾಸ್ತ್ರದ ಸರ್‌ಗೆ ಪರವಾನಗಿಯದೇ ಹುಚ್ಚು. ಕಾಲೇಜುಗಳು ಸ್ವಂತ ಎಫ್ಎಂ ಕೇಂದ್ರ ಇಟ್ಟುಕೊಳ್ಳಬಹುದು ಎಂದು ದಿಲ್ಲಿಯಲ್ಲಿ ತೀರ್ಮಾನವಾಗಿ ಆಗಲೇ ಕೆಲವು ವರ್ಷ ಕಳೆದಿದ್ದವು. ಕಾರವಾರದಲ್ಲೂ ಒಂದು ಆಗಬೇಕು, ಅದರ ಕಂಬ ನಮ್ಮ ಕಾಲೇಜಿನ ತಾರಸಿಯ ಮೇಲೇ ನಿಲ್ಲಬೇಕು ಎಂದು ಅವರು ಹಟ ಹಿಡಿದಿದ್ದರು.

ಆ ಕೇಂದ್ರದ ದನಿ ನಾನಾಗಬೇಕಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ. ಅರ್ಜಿಯ ಜೊತೆ ಕಳಿಸಲಿದ್ದ ಮಾದರಿ ಕಾರ್ಯಕ್ರಮವನ್ನು ಯಾರು ಓದುತ್ತಾರೋ ಅವರೇ ಮುಂದೆ ಕೇಂದ್ರದ ದನಿ ಎಂದು ಸರ್ ಹೇಳಿದ ದಿನದಿಂದ ನಾನು ಅದನ್ನು ಬಿಟ್ಟು ಬೇರೇನನ್ನೂ ಯೋಚಿಸಿದ ನೆನಪಿಲ್ಲ.

ನನಗೆ ಅದರ ಮೇಲೆ ಹಕ್ಕಿದೆಯೆಂದು ನಂಬಿದ್ದೆ. ವಾರಕ್ಕೊಮ್ಮೆ ನಾವು ಓದುತ್ತಿದ್ದ 'ತರಂಗ ವಾರ್ತೆ'ಯನ್ನು ಬರೆಯುತ್ತಿದ್ದವಳು ನಾನು. ಅವರ್ಸಾದಿಂದ ಬೆಳಗಿನ ಬಸ್ಸು ಹಿಡಿದು, ಕ್ಲಾಸಿಗೆ ಮೊದಲು ಊರಿನ ಗ್ರಂಥಾಲಯಕ್ಕೆ ಹೋಗಿ, ಇಂಗ್ಲಿಷ್ ಪತ್ರಿಕೆಗಳಲ್ಲಿ ದೂರಸಂಪರ್ಕದ ಸುದ್ದಿ ಹುಡುಕುತ್ತಿದ್ದೆ. ಮೊಬೈಲ್ ಕರೆಯ ದರ ಇಳಿಯುವುದು, ಕಂಪನಿ ಬದಲಿಸಿದರೂ ನಂಬರು ಉಳಿಯಬೇಕೆಂಬ ಚರ್ಚೆ, ದೊಡ್ಡ ನಗರಗಳಲ್ಲಿ ಕೇಬಲ್ ಟೀವಿಗೆ ಸೆಟ್ ಟಾಪ್ ಪೆಟ್ಟಿಗೆ ಕಡ್ಡಾಯವಾಗುವುದು, ತರಂಗಾಂತರವನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಜಗಳ. ಇದೆಲ್ಲವನ್ನೂ ಕನ್ನಡಕ್ಕೆ ತಂದು, ಊಟದ ಡಬ್ಬಿ ಬಿಚ್ಚುತ್ತಿರುವವರಿಗೂ ಅರ್ಥವಾಗುವ ಹಾಗೆ ಬರೆಯುವುದು ಸುಲಭವಾಗಿರಲಿಲ್ಲ. ನಿಯಂತ್ರಣ ಪ್ರಾಧಿಕಾರ ಏನು ಹೇಳಿತು, ಮಂತ್ರಾಲಯ ಏನು ಹೇಳಿತು ಎಂಬುದನ್ನು ನಾನು ಒಂದಕ್ಕೊಂದು ಬೆರೆಸುತ್ತಿರಲಿಲ್ಲ. ಯಾರಾದರೂ ಬೆರೆಸಿದರೆ ತಿದ್ದುತ್ತಿದ್ದೆ. ಅದಕ್ಕೆ ಸಂಘದವರು ನನಗೆ 'ಪ್ರಾಧಿಕಾರ' ಎಂದೇ ಹೆಸರಿಟ್ಟಿದ್ದರು.

"ಏ ಪ್ರಾಧಿಕಾರ, ಸ್ವಲ್ಪ ಸರ್ಕೊ ಮಾರಾಯ್ತಿ, ಬೆಂಚು ನಿಂಗೊಬ್ಳಿಗೇ ಮಂಜೂರಾಗ್ಲಿಲ್ಲ."

ಹೀಗೆ ಹೇಳುತ್ತಿದ್ದವಳೇ ನಾನು ಬರೆದದ್ದನ್ನು ಮೈಕಿನಲ್ಲಿ ಓದುತ್ತಿದ್ದವಳು. ದೇವಬಾಗದವಳು, ಮೀನುಗಾರರ ಮನೆಯ ಹುಡುಗಿ, ನನ್ನದೇ ಕ್ಲಾಸು. ಅವಳ ಅಣ್ಣ ಬೈತಖೋಲ ಬಂದರಿನಿಂದ ಹೊರಡುವ ಒಂದು ಬೋಟಿನಲ್ಲಿದ್ದ. ಮನೆಯಲ್ಲಿ ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಮಾತಿನ ಕೊನೆಗೆ ಒಂದು ಎಳೆತ ಇದ್ದೇ ಇರುತ್ತಿತ್ತು. ನಾನು ಹುಟ್ಟಿದಾಗಿನಿಂದ ಕನ್ನಡ ಆಡಿದವಳು. ಆದರೂ ಮೈಕಿನ ಮುಂದೆ ಅವಳು ಕುಳಿತರೆ ಕಾರಿಡಾರಿನ ಗಲಾಟೆ ಇಳಿಯುತ್ತಿತ್ತು, ನಾನು ಕುಳಿತರೆ ಇಳಿಯುತ್ತಿರಲಿಲ್ಲ. ಇದನ್ನು ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಅವಳು ಓದುವಾಗ ಹೊರಗೆ ಹೋಗಿ ಕಂಬದ ಪಕ್ಕ ನಿಂತು, ಯಾರು ಯಾರು ಮಾತು ನಿಲ್ಲಿಸುತ್ತಾರೆಂದು ನೋಡಿದ್ದೇನೆ. ಪ್ರತಿ ಸಲವೂ ಅವರನ್ನು ಎಣಿಸಿಕೊಂಡು ಒಳಗೆ ಬಂದಿದ್ದೇನೆ.

ಅವಳ ಓದಿನಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಮುಖ್ಯವಾದದ್ದನ್ನು ಎರಡು ಸಲ ಹೇಳುತ್ತಿದ್ದಳು. "ಹೊಸ ದರ ಮುಂದಿನ ತಿಂಗಳಿಂದ. ಮುಂದಿನ ತಿಂಗಳಿಂದ." ನಡುವೆ ಒಂದು ಉಸಿರಿನಷ್ಟು ಬಿಡುವು. ಮೊದಲ ವಾರ ಎಲ್ಲರೂ ನಕ್ಕರು.

"ನಿನ್ನ ಕ್ಯಾಸೆಟ್ ಸಿಕ್ಹಾಕ್ಕೊಂಡಿದ್ಯೇನೆ?" ಎಂದು ಯಾರೋ ಕೇಳಿದರು.

"ಬೋಟಿನ ಸೆಟ್ಟಲ್ಲಿ ಹಂಗೇ ಮಾತಾಡೂದು," ಎಂದಳು ಅವಳು. ಬೋಟುಗಳಲ್ಲಿ ಒಬ್ಬರಿಗೊಬ್ಬರು ಮಾತಾಡುವ ವಾಯರ್‌ಲೆಸ್ ಸೆಟ್ಟಿನ ಬಗ್ಗೆ ಅವಳು ಹೇಳುತ್ತಿದ್ದಳು. "ಅಣ್ಣ ಮನೇಲಿ ಊಟ ಕೇಳೂದೂ ಹಂಗೇ. ಅನ್ನ ಹಾಕು, ಅನ್ನ ಹಾಕು."

ಗಾಳಿ, ಇಂಜಿನ್ನಿನ ಸದ್ದು, ಸೆಟ್ಟಿನ ಕರಕರ, ಇವುಗಳ ನಡುವೆ ಕೇಳಿಸಲಿ ಎಂದು ಹಾಗೆ ಹೇಳುತ್ತಾರೆಂದು ನಾವೆಲ್ಲ ತಿಳಿದುಕೊಂಡೆವು. ನಮ್ಮ ಕಾರಿಡಾರೂ ಪ್ರತಿಧ್ವನಿಯಿಂದ ತುಂಬಿದ್ದೇ. ಒಂದು ತಿಂಗಳಾಗುವಷ್ಟರಲ್ಲಿ ನಗು ನಿಂತಿತು. ಸರ್ ಹೇಳಿದರು: "ಅವಳು ಓದಿದ್ದು ನೆನಪಲ್ಲಿ ಉಳೀತದೆ ನೋಡಿ." ನಾನು ಬರೆದದ್ದು ಉಳಿಯುತ್ತದೆ ಎಂದು ಅವರು ಹೇಳಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಸಮುದಾಯ ಬಾನುಲಿಯ ಹೊಸ ನೀತಿ ಬಂತು. ಕಾಲೇಜುಗಳಿಗಷ್ಟೇ ಅಲ್ಲ, ಸಂಘ ಸಂಸ್ಥೆಗಳಿಗೂ ಕೇಂದ್ರ ನಡೆಸಲು ಅವಕಾಶ. ಸರ್ ಆ ದಿನ ಎಲ್ಲರಿಗೂ ಚಹಾ ಕುಡಿಸಿದರು. ಆದರೆ ನೀತಿಯಲ್ಲಿ ಒಂದು ಮಾತು ಹಳೆಯದರಂತೆಯೇ ಇತ್ತು: ವಾರ್ತೆ ಮತ್ತು ಪ್ರಚಲಿತ ವಿದ್ಯಮಾನಗಳನ್ನು ಪ್ರಸಾರ ಮಾಡುವಂತಿಲ್ಲ. ಅದನ್ನು ಮೊದಲು ಓದಿ ತೋರಿಸಿದವಳು ನಾನೇ.

"ಅಂದ್ರೆ ಏನು ಹೇಳ್ಬಹುದು ಸರ್?" ಎಂದು ಅವಳು ಕೇಳಿದಳು. "ಬಂಗಡೆ ಬಂತು ಅಂದ್ರೆ ಅದು ವಾರ್ತೆಯಾ?"

"ಎಷ್ಟು ಬಂತು?"

"ಬುಟ್ಟಿಗಟ್ಲೆ."

"ಬುಟ್ಟಿಗಟ್ಟಲೆ ಬಂದ್ರೆ ಅದು ಉಪಯುಕ್ತ ಮಾಹಿತಿ, ಹೇಳ್ಬಹುದು," ಎಂದರು ಸರ್ ಗಂಭೀರವಾಗಿ. "ಬರ್ಲೇ ಇಲ್ಲ ಅಂದ್ರೆ ವಾರ್ತೆ."

"ಬಂದೂ ನಮ್ಮನೆ ಸಾರಿಗೆ ಬೀಳ್ಲಿಲ್ಲ ಅಂದ್ರೆ?"

"ಅದು ಪ್ರಚಲಿತ ವಿದ್ಯಮಾನ."

ಎಲ್ಲರೂ ನಕ್ಕರು. ನಾನು ಮಾತ್ರ, ನೀತಿಯಲ್ಲಿ ಅಂಥ ವ್ಯತ್ಯಾಸ ಮಾಡಿಲ್ಲ ಸರ್, ಎಂದೆ. "ಬಂತಪ್ಪಾ ಪ್ರಾಧಿಕಾರ," ಎಂದಳು ಅವಳು. ಸಿಟ್ಟಿನಿಂದಲ್ಲ. ನನ್ನ ಹೆಗಲಿಗೆ ಹೆಗಲು ತಾಗಿಸಿ, ನಗುತ್ತಲೇ. ಅವಳಿಗೆ ನನ್ನ ಮೇಲೆ ಎಂದೂ ಸಿಟ್ಟಿರಲಿಲ್ಲ, ಅದೂ ನನಗೆ ಸಹಿಸಲು ಕಷ್ಟವಾಗುತ್ತಿತ್ತು. ಸ್ಪರ್ಧೆ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಲೆಕ್ಕವನ್ನೂ ನಾನು ಮನಸ್ಸಿನಲ್ಲೇ ಹಾಕಿದ್ದೆ. ಅಂಥ ಕೇಂದ್ರದ ದನಿ ಹೆಚ್ಚು ದೂರ ಹೋಗುವುದಿಲ್ಲ. ಕಾಲೇಜಿನ ತಾರಸಿಯಿಂದ ಹೊರಟರೆ ಕಾಳಿ ನದಿ ದಾಟಿ ದೇವಬಾಗಕ್ಕೆ ತಲುಪುತ್ತದೆ. ಈ ಕಡೆ ಬಿಣಗಾದ ಗುಡ್ಡಕ್ಕೆ ತಾಗಿ ನಿಲ್ಲುತ್ತದೆ. ಅವರ್ಸಾಕ್ಕೆ ಬರುವುದಿಲ್ಲ. ಅಂದರೆ ನಾನು ಓದಿದರೂ ನನ್ನ ಮನೆಯಲ್ಲಿ ಕೇಳುವುದಿಲ್ಲ, ಅವಳ ಮನೆಯಲ್ಲಿ ಕೇಳುತ್ತದೆ. ಬಸ್ಸು ಬಿಣಗಾ ಘಟ್ಟ ಹತ್ತುವಾಗ ದಿನವೂ ಇದು ನೆನಪಾಗುತ್ತಿತ್ತು. ಆ ಗುಡ್ಡದ ಮೇಲೂ ನನಗೆ ಸಿಟ್ಟಿತ್ತು.

ಅರ್ಜಿ ತಯಾರಾಗುತ್ತ ಒಂದು ವರ್ಷ ಹತ್ತಿರ ಬಂತು. ದಿಲ್ಲಿಯ ಎಷ್ಟೋ ಇಲಾಖೆಗಳ ಒಪ್ಪಿಗೆ ಬೇಕಿತ್ತು, ಸರ್ ಓಡಾಡುತ್ತಿದ್ದರು. ಮಾದರಿ ಕಾರ್ಯಕ್ರಮದ ಧ್ವನಿಮುದ್ರಣ ಸೆಪ್ಟೆಂಬರಿನಲ್ಲಿ ಎಂದು ಗೊತ್ತುಮಾಡಿದರು. ಓದುವವಳು ಅವಳೇ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಆ ತಿಂಗಳಲ್ಲೇ ಒಂದು ದಿನ ಬೆಳಿಗ್ಗೆ ಗಾಳಿ ಎದ್ದಿತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು, ಕಡಲಿಗೆ ಪೂಜೆಯ ತೆಂಗಿನಕಾಯಿ ಬಿಟ್ಟು, ಬೋಟುಗಳು ಹೊರಟು ಕೆಲವು ವಾರ ಆಗಿತ್ತಷ್ಟೆ. ನಾನು ಬಸ್ಸಿನಿಂದ ನೋಡಿದಾಗ ಸಮುದ್ರ ಬೂದು ಬಣ್ಣಕ್ಕೆ ತಿರುಗಿತ್ತು, ಅಲೆಗಳ ತಲೆ ದೂರದವರೆಗೂ ಬೆಳ್ಳಗಿತ್ತು. ಕಾಲೇಜಿಗೆ ಬಂದರೆ ಅವಳಿರಲಿಲ್ಲ. ಹಿಂದಿನ ಸಂಜೆ ಹೊರಟ ಏಳು ಬೋಟು ಬೈತಖೋಲಕ್ಕೆ ಮರಳಿಲ್ಲ, ಅವಳ ಅಣ್ಣ ಒಂದರಲ್ಲಿದ್ದಾನೆ, ಅವಳು ಬಂದರಿಗೆ ಹೋಗಿದ್ದಾಳೆ ಎಂದು ಯಾರೋ ಹೇಳಿದರು. ಕಾಲೇಜಿನಲ್ಲಿ ಕಡಲ ದಂಡೆಯ ಮನೆಗಳ ಹುಡುಗ ಹುಡುಗಿಯರು ಬಹಳ ಮಂದಿ ಇದ್ದರು. ಅವರು ಕ್ಲಾಸಿನಲ್ಲಿ ಕೂತಿದ್ದರು, ಆದರೆ ಪುಸ್ತಕ ತೆರೆದಿರಲಿಲ್ಲ.

ಅದು ತರಂಗ ವಾರ್ತೆಯ ದಿನ. ಸರ್ ನನ್ನನ್ನು ಕರೆದು, "ಇವತ್ತು ನೀನೇ ಓದು," ಎಂದರು. ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು, ಬಂದರಿನಿಂದ ಏನಾದರೂ ತಿಳಿದರೆ ಹೇಳು ಎಂದು ಪ್ರಾಂಶುಪಾಲರ ಕೋಣೆಗೆ ಹೋದರು. ಏಳು ಬೋಟುಗಳ ಸುದ್ದಿ ಕೇಳಿ ನನಗೆ ಹೆದರಿಕೆಯಾಗಿದ್ದು ನಿಜ. ಕುರ್ಚಿ ಸಿಕ್ಕಿತೆಂದು ಸಂತೋಷವಾಗಿದ್ದೂ ಅಷ್ಟೇ ನಿಜ. ಎರಡೂ ಒಟ್ಟಿಗೇ ಇದ್ದವು. ಒಂದು ಇನ್ನೊಂದನ್ನು ಹೊರಗೆ ತಳ್ಳಲಿಲ್ಲ.

ಊಟದ ಬಿಡುವಿಗೆ ಮೊದಲೇ ಮೊಬೈಲು ಹೊಡೆದುಕೊಂಡಿತು. ಬಂದರಿನ ಯಾವುದೋ ಬೂತಿನಿಂದ ಅವಳು. ಹಿಂದೆ ಜನರ ಕೂಗಾಟ.

"ಬರ್ಕೋ. ಬೇಲೇಕೇರಿಗೆ ಪಾವ್ಲೆ. ಪಾವ್ಲೆ. ಅಣ್ಣ ಸೆಟ್ಟಲ್ಲಿ ಮಾತಾಡ್ದ."

ಪಾವ್ಲೆ ಎಂದರೆ ತಲುಪಿದರು. ಅಷ್ಟು ಕೊಂಕಣಿ ಕಾರವಾರದಲ್ಲಿ ಓದಿದ ಯಾರಿಗೂ ಬರುತ್ತದೆ. ಅಂಕೋಲೆಯ ಕಡೆಯ ಬೇಲೇಕೇರಿ ಬಂದರಿನಲ್ಲಿ ಗಾಳಿಗೆ ಮರೆಯಿದೆ. ಅವಳು ಬೋಟುಗಳ ಹೆಸರು ಹೇಳುತ್ತಾ ಹೋದಳು, ಪ್ರತಿಯೊಂದನ್ನೂ ಎರಡು ಸಲ. ಕೊನೆಯ ಹೆಸರನ್ನು ಒಂದು ಸಲ ಹೇಳಿದಳು, ಸಂಪರ್ಕ ಕಡಿಯಿತು. ಉಸಿರು ಸಾಲಲಿಲ್ಲವೋ ನಾಣ್ಯ ಮುಗಿಯಿತೋ ಎಂದುಕೊಂಡೆ. ಎಣಿಸಿದೆ, ಏಳು. ಸರಿಯಾಗಿತ್ತು.

ನಾನು ಕುಳಿತು ವಾಕ್ಯ ಬರೆದೆ. ಎರಡು ಸಲ ತಿದ್ದಿದೆ. ಬಿಡುವಿನ ಗಂಟೆ ಹೊಡೆದ ಕೂಡಲೇ ಮೈಕಿನ ಗುಂಡಿ ಒತ್ತಿ ಓದಿದೆ: "ನಿನ್ನೆ ಸಂಜೆ ಬೈತಖೋಲದಿಂದ ತೆರಳಿದ್ದ ಏಳು ಬೋಟುಗಳು ಬೇಲೇಕೇರಿ ಬಂದರನ್ನು ಸುರಕ್ಷಿತವಾಗಿ ತಲುಪಿರುವುದಾಗಿ ತಿಳಿದುಬಂದಿದೆ."

ಒಂದು ಅಕ್ಷರ ತಡವರಿಸಲಿಲ್ಲ. ನನ್ನ ದನಿ ನಡುಗಲಿಲ್ಲ. ನಾನು ಓದಿದ್ದರಲ್ಲೆಲ್ಲ ಅದೇ ಅತ್ಯುತ್ತಮವಾದದ್ದು ಎಂದು ಈಗಲೂ ಅನಿಸುತ್ತದೆ. ಓದಿ ಮುಗಿಸಿ, ಹೊರಗಿನಿಂದ ಸಂತೋಷದ ಗದ್ದಲ ಬರುತ್ತದೆಂದು ಕಾದೆ.

ಬಂದದ್ದು ಅಳು. ಬಾಗಿಲು ತೆರೆದು ನೋಡಿದೆ. ಕಡಲ ದಂಡೆಯ ಮನೆಗಳವರು ಕಂಬಗಳ ಬಳಿ ಗುಂಪಾಗಿ ನಿಂತಿದ್ದರು. ಒಬ್ಬಳು ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡಿದ್ದಳು. ಇನ್ನೊಬ್ಬಳು ಅವಳ ಬೆನ್ನು ಸವರುತ್ತ ತಾನೂ ಅಳುತ್ತಿದ್ದಳು. ಉಳಿದವರು, ನನ್ನ ಊರಿನ ಕಡೆಯವರು, ಪೇಟೆಯವರು, "ಏ, ಸೇರಿದ್ರಂತಲ್ರೋ, ಯಾಕೆ ಅಳೂದು?" ಎಂದು ಸಮಾಧಾನ ಹೇಳುತ್ತಿದ್ದರು. ಅಳುತ್ತಿದ್ದವರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ಯಾರು ಕಂಡೋರು?" ಎಂದು ಕೇಳಿದ. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೇಳಿದೆನಲ್ಲ, ತಿಳಿದುಬಂದಿದೆ," ಎಂದೆ.

ಅವಳು ಬಂದದ್ದು ಅಷ್ಟರಲ್ಲಿ. ಬೈತಖೋಲದಿಂದ ಯಾರದೋ ಸ್ಕೂಟರಿನ ಹಿಂದೆ ಕುಳಿತು ಬಂದಿದ್ದಳು. ಚೂಡಿದಾರ ಮೊಣಕಾಲಿನವರೆಗೂ ಒದ್ದೆ, ಕೂದಲು ಮುಖಕ್ಕೆ ಅಂಟಿತ್ತು. ಕಾರಿಡಾರನ್ನು ಒಮ್ಮೆ ನೋಡಿದಳು, ಕಂಬದ ಬಳಿ ಒಬ್ಬಳು ಹೇಳಿದ್ದನ್ನು ಕೇಳಿಸಿಕೊಂಡಳು. ನನ್ನನ್ನು ದಾಟಿ ಒಳಗೆ ಹೋಗಿ, ಕುಳಿತುಕೊಳ್ಳದೆ ಬಗ್ಗಿ ಮೈಕು ಹಿಡಿದಳು.

ಕೊಂಕಣಿಯಲ್ಲಿ ಮಾತಾಡಿದಳು. ನಮ್ಮ ಸ್ಪೀಕರುಗಳಲ್ಲಿ ಕೊಂಕಣಿ ಕೇಳಿದ್ದು ಅದೇ ಮೊದಲು. ಒಂದು ಬೋಟಿನ ಹೆಸರು, ಪಾವ್ಲೆ. ಉಸಿರು. ಮತ್ತೆ ಅದೇ ಹೆಸರು, ಪಾವ್ಲೆ. ಇನ್ನೊಂದು ಬೋಟು, ಎರಡು ಸಲ. ಪ್ರತಿ ಹೆಸರಿನ ನಂತರ ಹೊರಗೆ ಯಾರಾದರೊಬ್ಬರ ಭುಜ ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನೆಲದ ಮೇಲಿದ್ದವಳು ನಾಲ್ಕನೆಯ ಹೆಸರಿಗೆ ಎದ್ದು ನಿಂತು ಮೂಗು ಒರೆಸಿಕೊಂಡಳು. ಆರನೆಯದು ಎರಡು ಸಲ. ಏಳನೆಯದನ್ನು ಅವಳು ಒಂದೇ ಸಲ ಹೇಳಿ ಮೈಕು ಆರಿಸಿದಳು.

ಕಾರಿಡಾರು ಸ್ತಬ್ಧವಾಯಿತು. ಕಿಟಕಿಯ ಪಕ್ಕ ಮೊದಲ ವರ್ಷದ ಒಬ್ಬ ಹುಡುಗಿ ಊಟದ ಡಬ್ಬಿ ಹಿಡಿದು ನಿಂತಿದ್ದಳು. ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಅದನ್ನು ಚೀಲಕ್ಕೆ ಸೇರಿಸಿದಳು, ಚೀಲ ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು. ಅಳಲಿಲ್ಲ. ಯಾರೂ ಅವಳನ್ನು ಏನೂ ಕೇಳಲಿಲ್ಲ. ದಾರಿ ಬಿಟ್ಟರು, ಇಬ್ಬರು ಹಿಂದೆ ಹೋದರು.

"ಅವಳ್ಯಾಕೆ ಹೋದ್ಲು?" ಎಂದು ಕೇಳಿದೆ. "ಎಲ್ಲಾ ಸೇರಿದ್ರು ಅಂದ್ಯಲ್ಲ?"

"ಅವಳ ಅಪ್ಪನ ಬೋಟನ್ನ ಒಂದೇ ಸಲ ಹೇಳ್ದೆ."

"ಮರ್ತ್ಯಾ?"

ಅವಳು ನನ್ನನ್ನು ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೋ ಎಂಬಂತೆ.

"ಇಲ್ಲ ಗೋ. ಕಂಡದ್ದನ್ನ ಎರಡು ಸಲ ಹೇಳೂದು. ಇಲ್ಲಾ, ಕಂಡವ್ನ ಬಾಯಿಂದ್ಲೇ ಕೇಳಿದ್ರೂ ಎರಡು ಸಲ. ನೀ ಕಣ್ಣಾರೆ ಓದಿ ಬರ್ದ ವಾರ್ತೇನೂ ಹಂಗೇ. ಯಾರೋ ಹೇಳಿದ್ರಂತೆ ಅಂದ್ರೆ ಒಂದೇ ಸಲ. ಆರು ಬೋಟು ಅಣ್ಣನ ಕಣ್ಣೆದ್ರಿಗೆ ನಿಂತಾವೆ. ಏಳನೇದು ಬಂತಂತೆ ಅಂದ್ರು, ಅವ ಕಾಣ್ಲಿಲ್ಲ."

"ಕೇಳ್ಸ್ಲಿ ಅಂತ ಎರಡು ಸಲ ಹೇಳೂದು ಅಂದ್ಕೊಂಡಿದ್ದೆ."

"ಕೇಳ್ಸೂಕೆ ಕೂಗಿದ್ರೆ ಸಾಕಲ್ದೆ?" ಎಂದಳು. ಆಮೇಲೆ, ನಗಲು ಪ್ರಯತ್ನಿಸುತ್ತ, "ನೀನು ಎಲ್ಲಾನೂ ಒಟ್ಟುಮಾಡಿ ಒಂದೇ ಸಲ ಹೇಳ್ದ್ಯಂತೆ. ಏಳೂ ಬೋಟು ಮುಳ್ಗಿಸ್ದೆ ಬಿಡು, ಪ್ರಾಧಿಕಾರ." ನಾನು ಮೈಕಿನ ಪಕ್ಕದಲ್ಲಿದ್ದ ನನ್ನ ಹಾಳೆಯನ್ನು ತೆಗೆದು ಮಡಿಸಿದೆ.

ಏಳನೆಯ ಬೋಟು ಇಂಜಿನ್ ಕೆಟ್ಟು ತೇಲುತ್ತ ದಕ್ಷಿಣಕ್ಕೆ ಹೋಗಿ, ಮಾರನೆಯ ಬೆಳಿಗ್ಗೆ ಗಂಗಾವಳಿ ನದಿಯ ಅಳಿವೆಯಲ್ಲಿ ಮಂಜಗುಣಿಯ ಹತ್ತಿರ ಸಿಕ್ಕಿತು. ಅದರಲ್ಲಿದ್ದ ಎಲ್ಲರೂ ಮನೆಗೆ ಬಂದರು. ಆ ಮೊದಲ ವರ್ಷದ ಹುಡುಗಿ ಎರಡು ದಿನ ಬಿಟ್ಟು ಕಾಲೇಜಿಗೆ ಬಂದಳು. ಬಂದವಳು ಮೊದಲು ಹೋದದ್ದು ದೇವಬಾಗದವಳ ಬಳಿಗೆ. ಇಬ್ಬರೂ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ಸುಳ್ಳು ಸಮಾಧಾನ ಹೇಳದೆ ಇದ್ದದ್ದಕ್ಕೆ ಯಾರಾದರೂ ಕೃತಜ್ಞರಾಗಿರುತ್ತಾರೆ ಎಂಬುದು ನನಗೆ ಹೊಸದು. ನಾನು ಮಹಡಿಯಿಂದ ನೋಡುತ್ತಿದ್ದೆ. ಒಬ್ಬ ಹುಡುಗಿಯ ಅಪ್ಪ ಬದುಕಿ ಬಂದಿದ್ದ, ನನಗೆ ನಿಜವಾಗಿಯೂ ನಿರಾಳವಾಗಿತ್ತು. ಆದರೂ ಆ ಹುಡುಗಿ ನನ್ನ ಬಳಿಗೆ ಬರಲಿಲ್ಲವಲ್ಲ ಎಂದು ಎದೆ ಉರಿಯಿತು.

ಧ್ವನಿಮುದ್ರಣದ ಹಿಂದಿನ ದಿನ ಅವಳು ಸಂಘದ ಕೋಣೆಗೆ ಬಂದಳು. ನಾನು ಮಾದರಿ ಕಾರ್ಯಕ್ರಮದ ಬರಹವನ್ನು ಸರಿಮಾಡುತ್ತಿದ್ದೆ. ಎದುರಿಗೆ ಕುಳಿತು, ನಾನು ತಲೆಯೆತ್ತುವವರೆಗೆ ಕಾದಳು.

"ನೀನಾದ್ರೆ ಸರಿಯಾಗಿ ಹೇಳ್ತೆ. ರೇಡಿಯೋ ಬಂದ್ಮೇಲೆ ಮೊನ್ನೆ ಹೇಳಿದ್ದು ಹೇಳೂಕೆ ಬಿಡ್ತಾರಾ?"

ನೀತಿಯ ಆ ಸಾಲು ನನಗೆ ಬಾಯಿಪಾಠ. ಆಪತ್ತಿನ ಹೊತ್ತಿಗೆ ಬೇರೆ ದಾರಿ ಇರಬಹುದು ಎಂದು ಹೇಳಬಹುದಿತ್ತು, ಆದರೆ ಅಂಥದ್ದನ್ನು ನಾನು ಎಲ್ಲೂ ಓದಿರಲಿಲ್ಲ.

"ಗೊತ್ತಿಲ್ಲ," ಎಂದೆ. "ನೀತಿಯಲ್ಲಿ ಇರೋ ಪ್ರಕಾರ ಬಿಡೂದಿಲ್ಲ. ಅದು ವಾರ್ತೆ."

"ಬಂಗಡೆ ಬಂದದ್ದು?"

"ಅದನ್ನ ಸರ್‌ನೇ ಕೇಳು."

ಅವಳು ನಕ್ಕಳು. ಮೈಕಿನ ತಂತಿ ಸಿಕ್ಕಾಗಿ ಬಿದ್ದಿತ್ತು, ಅದನ್ನು ಬಿಡಿಸಿ ಸುತ್ತಿಟ್ಟಳು, ಬಲೆಯ ಹಗ್ಗ ಮಡಿಸುವವರ ಹಾಗೆ ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ. "ಹಂಗಾದ್ರೆ ನೀನೇ ಓದು ಮಾರಾಯ್ತಿ," ಎಂದಳು. "ಕಂಡದ್ದು ಹೇಳೂಕಾಗ್ದ ಮೈಕು ನಂಗೆಂತಕೆ?"

ಬೇಸರವಿರಲಿಲ್ಲ ಅವಳ ಮಾತಿನಲ್ಲಿ. ಬಸ್ಸಿನಲ್ಲಿ ತನಗೆ ಬೇಡದ ಸೀಟು ಬಿಟ್ಟುಕೊಡುವವರ ಹಾಗೆ ಎದ್ದು ಹೋದಳು. ಎರಡು ವರ್ಷ ನಾನು ನಿದ್ದೆಗೆಟ್ಟು ಬಯಸಿದ್ದನ್ನು ಅವಳು ಅಷ್ಟು ಸಲೀಸಾಗಿ ಇಟ್ಟು ಹೋದಳು. ಅವಳು ಹಟ ಹಿಡಿದಿದ್ದರೆ, ನಾನು ಸೋತಿದ್ದರೆ, ಈ ಅಸೂಯೆ ಎಂದೋ ಮುಗಿದಿರುತ್ತಿತ್ತು.

ಸರ್ ಬಹಳ ಒತ್ತಾಯ ಮಾಡಿದರು. ಅವಳು ಬರಲಿಲ್ಲ. ಮಾದರಿ ಕಾರ್ಯಕ್ರಮವನ್ನು ನಾನೇ ಓದಿದೆ: ಕಾಳಿ ನದಿಯ ಬಗ್ಗೆ ಒಂದಿಷ್ಟು, ತೆಂಗಿನ ರೋಗದ ಬಗ್ಗೆ ಒಂದಿಷ್ಟು, ಪರೀಕ್ಷೆಗೆ ಓದುವ ಬಗೆ. ವಾರ್ತೆ ಇರಲಿಲ್ಲ, ಪ್ರಚಲಿತ ವಿದ್ಯಮಾನ ಇರಲಿಲ್ಲ. ಅರ್ಜಿ ಹೋಯಿತು. ನಾನು ಪದವಿ ಮುಗಿಸಿ ಹೊರಬೀಳುವವರೆಗೆ ಅದಕ್ಕೆ ಉತ್ತರ ಬಂದಿರಲಿಲ್ಲ, ಆಮೇಲೆ ಬಂತೋ ಇಲ್ಲವೋ ನಾನು ಕೇಳಲಿಲ್ಲ.

ಧ್ವನಿಮುದ್ರಣ ಮುಗಿದ ಮೇಲೆ ಸರ್ ಅದನ್ನು ಪರೀಕ್ಷಿಸಲು ಕಾರಿಡಾರಿನ ಸ್ಪೀಕರಿಗೆ ಹಾಕಿದರು. "ಶುದ್ಧವಾಗಿದೆ," ಎಂದರು. ಆ ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ಬಾಗಿಲಿಗೆ ಬಂದು ನಿಂತು, ಗೋಡೆಯ ಮೇಲಿನಿಂದ ಬರುತ್ತಿದ್ದ ನನ್ನ ದನಿಯನ್ನು ಕೇಳಿದೆ. ಹೌದು, ಶುದ್ಧವಾಗಿತ್ತು. ಆ ಮೊದಲ ವರ್ಷದ ಹುಡುಗಿ ಗೆಳತಿಯ ಜೊತೆ ಮಾತಾಡುತ್ತ ಸ್ಪೀಕರಿನ ಕೆಳಗೇ ಬಂದಳು. ಇಬ್ಬರೂ ಮಾತು ನಿಲ್ಲಿಸಲಿಲ್ಲ. ನಡಿಗೆಯನ್ನೂ ನಿಧಾನ ಮಾಡಲಿಲ್ಲ. ನನ್ನ ದನಿಯ ಕೆಳಗಿನಿಂದ ಹಾದು ಗೇಟಿನ ಕಡೆ ಹೋದರು.